ಮರಳಿನ ಮೇಲೆ ಕಂದು ಲೋಳೆ, ಆದರೆ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ. ಏನಿದು?

ಡೊಂಬಿವಲಿ_ರೀಫ್:
ಕೋರಲ್ (ಹವಳ) ಸಾಕುವ 200 ಲೀಟರ್ ಉಪ್ಪುನೀರಿನ ಟ್ಯಾಂಕ್, ಒಣ ಕಲ್ಲು (ಜೀವಿಗಳಿಲ್ಲದ ರೀಫ್ ಕಲ್ಲು) ಹಾಕಿ ಶುರು ಮಾಡಿ ಐದು ತಿಂಗಳು. ಝೊಆಂಥಿಡ್, ಮಶ್ರೂಮ್, ಲೆದರ್ ಕೋರಲ್, ಎರಡು ಕ್ಲೌನ್ ಮೀನು ಇವೆ. ಮೂರು ವಾರದಿಂದ ಮರಳು, ಕಲ್ಲಿನ ಮೇಲೆಲ್ಲ ಸಿಂಬಳದಂಥ ಕಂದು ಲೋಳೆ, ಎಳೆಎಳೆಯಾಗಿ ತೂಗುತ್ತದೆ, ತುದಿಯಲ್ಲಿ ಗಾಳಿಗುಳ್ಳೆ. ರಾತ್ರಿ ಕರಗಿದಂತಾಗಿ ಮಧ್ಯಾಹ್ನಕ್ಕೆ ಮತ್ತೆ ಅಷ್ಟೇ. ಎರಡು ಬಸವನಹುಳು ಸತ್ತವು. ನೈಟ್ರೇಟ್ 0, ಫಾಸ್ಫೇಟ್ 0, ಕೆಎಚ್ (ಕ್ಷಾರೀಯತೆ) 8.2, ನೀರು ಮಧ್ಯಾಹ್ನ 30 ಡಿಗ್ರಿ. ವಾರಕ್ಕೆ 20% ನೀರು ಬದಲಿಸುತ್ತೇನೆ, ಜಿಎಫ್‌ಒ (ಫಾಸ್ಫೇಟ್ ಹೀರುವ ಕಬ್ಬಿಣದ ಹರಳು) ಕೂಡ ಓಡುತ್ತಿದೆ. ಆದರೂ ಹೆಚ್ಚುತ್ತಿದೆ.

ಉಪ್ಪುನೀರು:
ಡೈನೋಫ್ಲಾಜೆಲೇಟ್ (ಚಿಕ್ಕದಾಗಿ ಡೈನೋ, ಒಂದೇ ಕೋಶದ ಸೂಕ್ಷ್ಮಜೀವಿ) ಇದ್ದಂತಿದೆ ಸರ್. ಲೋಳೆಯನ್ನು ಟ್ಯಾಂಕ್ ನೀರಿನ ಜತೆ ಬಾಟಲಿಗೆ ಹೀರಿ, ಜೋರಾಗಿ ಕುಲುಕಿ, ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ, ಸೋಸಿದ ನೀರನ್ನು ಒಂದು ಗಂಟೆ ಲೈಟ್ ಕೆಳಗಿಡಿ. ಮತ್ತೆ ಎಳೆ ಕಟ್ಟಿತೋ, ಡೈನೋನೇ.

ನೀರು ಅತಿ ಶುದ್ಧವಾಗಿರುವುದೇ ಇಲ್ಲಿ ತೊಂದರೆ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗೆ ಇಳಿದಾಗ ಪೈಪೋಟಿ ಕೊಡಬೇಕಾದ ಪಾಚಿ, ಬ್ಯಾಕ್ಟೀರಿಯಾ ಹಸಿದು ಕುಗ್ಗುತ್ತವೆ, ಜಾಗ ಡೈನೋ ಪಾಲಾಗುತ್ತದೆ. ನೀವು ನೀರು ಬದಲಿಸಿದಷ್ಟೂ ಅದಕ್ಕೇ ಅನುಕೂಲ. ಇವತ್ತೇ ಜಿಎಫ್‌ಒ ತೆಗೆಯಿರಿ, ನೀರು ಬದಲಿಸುವುದು ನಿಲ್ಲಿಸಿ. ಲೋಳೆಯನ್ನು ಪೈಪಿನಿಂದ ಫಿಲ್ಟರ್ ಸಾಕ್‌ಗೆ (ಸೋಸುವ ಬಟ್ಟೆಚೀಲ) ಎಳೆದು, ಸೋಸಿದ ನೀರನ್ನೇ ವಾಪಸ್ ಬಿಡಿ.

ಶುದ್ಧ ಪೊಟ್ಯಾಸಿಯಂ ನೈಟ್ರೇಟ್ 1 ಗ್ರಾಂ ನಿಮ್ಮ ಟ್ಯಾಂಕಿಗೆ ಸುಮಾರು 3 ಪಿಪಿಎಂ (ಲೀಟರಿಗೆ ಮಿಲಿಗ್ರಾಂ) ನೈಟ್ರೇಟ್ ಕೊಡುತ್ತದೆ. ಫಾಸ್ಫೇಟಿಗೆ ಮೊನೊಪೊಟ್ಯಾಸಿಯಂ ಫಾಸ್ಫೇಟ್ 1.4 ಗ್ರಾಂ ಅನ್ನು 1 ಲೀಟರ್ ಆರ್‌ಒ ನೀರಿನಲ್ಲಿ ಕರಗಿಸಿ. ಅದರ 10 ಎಂಎಲ್‌ಗೆ 0.05 ಪಿಪಿಎಂ ಏರುತ್ತದೆ. ಒಣ ಕಲ್ಲು ಮೊದಮೊದಲು ಅದನ್ನು ನುಂಗಿಬಿಡುತ್ತದೆ, ಮರುದಿನ ಮತ್ತೆ ಸೊನ್ನೆ ಕಂಡರೆ ಗಾಬರಿ ಬೇಡ. ದಿನಾ ಟೆಸ್ಟ್ ಮಾಡಿಯೇ ಹಾಕಿ. ನೈಟ್ರೇಟ್ 5–10, ಫಾಸ್ಫೇಟ್ 0.05–0.1 ನಿಂತರೆ ಸಾಕು.

ಡೊಂಬಿವಲಿ_ರೀಫ್:
ಮೂರು ದಿನ ಲೈಟ್ ಆರಿಸಿದರೆ? ನೀರಿನ ಸೂಕ್ಷ್ಮಜೀವಿ ಕೊಲ್ಲುವ ಯುವಿ ದೀಪ ಹಾಕಲೇ?

ಉಪ್ಪುನೀರು:
ಕತ್ತಲೆಯೊಂದೇ ಸಾಲದು, ಪೋಷಕಾಂಶ ಸೊನ್ನೆಯಲ್ಲೇ ಇದ್ದರೆ ಮತ್ತೆ ಬರುತ್ತದೆ. ಯುವಿಗೆ ದುಡ್ಡು ಹಾಕುವ ಮೊದಲು ಮೈಕ್ರೋಸ್ಕೋಪ್‌ನಲ್ಲಿ ನೋಡಿ. ಹನಿಯಾಕಾರದ ಕೋಶ ಒಂದೇ ತುದಿಯ ಸುತ್ತ ಗಿರಗಿರ ಸುತ್ತುತ್ತಿದ್ದರೆ ಆಸ್ಟ್ರಿಯಾಪ್ಸಿಸ್ ಎಂಬ ಡೈನೋ. ಅದು ರಾತ್ರಿ ನೀರಿಗೇಳುತ್ತದೆ, ಯುವಿಗೆ ಸಿಗುತ್ತದೆ. ಆಂಫಿಡಿನಿಯಮ್ ಎಂಬ ಇನ್ನೊಂದು ಬಗೆ ಆದರೆ ಮರಳಿನಲ್ಲೇ ಅವಿತಿರುತ್ತದೆ, ಯುವಿ ದಂಡ. ವಿಷ ಹೀರುವ ಕಾರ್ಬನ್ ಅನ್ನು ಹೇಗಿದ್ದರೂ ಹಾಕಿ, ಬಸವನಹುಳು ಸಾಯುತ್ತಿರುವುದು ಡೈನೋ ವಿಷಕ್ಕೇ ಇರಬಹುದು.

ಮುಲುಂಡ್_ಕಡಲು:
30 ಡಿಗ್ರಿಯನ್ನೂ ಬಿಡಬೇಡಿ, ಕೋರಲ್ ಬಿಳಿಚಿಕೊಳ್ಳುತ್ತದೆ. ಈಗ ನೀರಿನ ಮೇಲೆ ಬೀಸುವ ಫ್ಯಾನ್ 2–3 ಡಿಗ್ರಿ ಇಳಿಸುತ್ತದೆ. ಮುಂಬಯಿ ಮಳೆಗಾಲದ ತೇವದಲ್ಲಿ ನೀರು ಹೆಚ್ಚು ಆವಿಯಾಗದು, ಫ್ಯಾನ್‌ನಿಂದ ಅಷ್ಟಾಗಿ ಪ್ರಯೋಜನವಿಲ್ಲ. ಆಗ ಚಿಲ್ಲರ್ (ನೀರು ತಂಪಾಗಿಸುವ ಯಂತ್ರ) ಇಲ್ಲವೇ ಎಸಿ ಬೇಕೇ ಬೇಕು. ಚಿಲ್ಲರನ್ನು ಮುಚ್ಚಿದ ಕ್ಯಾಬಿನೆಟ್ ಒಳಗಿಟ್ಟರೆ ತನ್ನ ಬಿಸಿಗಾಳಿಯನ್ನೇ ಎಳೆದುಕೊಳ್ಳುತ್ತದೆ, ಹೊರಗಿಡಿ.

ಫ್ಯಾನ್ ಓಡುವಾಗ 4 ಲೀಟರ್ ಆವಿಯಾದರೆ 35 ಇದ್ದ ಉಪ್ಪಿನಂಶ 35.7 ಆಗುತ್ತದೆ. ಆ ಕೊರತೆಗೆ ಬರೀ ಆರ್‌ಒ ನೀರು ಸೇರಿಸಿ, ಉಪ್ಪುನೀರಲ್ಲ.