ಗ್ರ್ಯಾವೆಲ್ ಬೈಕ್‌ಗೆ 2.1 ಇಂಚಿನ ಟೈರ್ ಹಾಕಿದೆ, ಏರಿನಲ್ಲಿ ಚೈನ್‌ಸ್ಟೇಗೆ ಉಜ್ಜುತ್ತಿದೆ. ಏನು ಮಾಡಲಿ?

ಪ್ರೈರಿ ಸವಾರ:

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವನು. ಐದು ವರ್ಷದಿಂದ ಕ್ಯಾನ್ಸಸ್ ಸಿಟಿ ಹತ್ತಿರ ಇದ್ದೇನೆ. ಎಂಪೋರಿಯಾದಲ್ಲಿ ಜಲ್ಲಿ ರಸ್ತೆಗಳ ಮೇಲೆ ನಡೆಯುವ ಸೈಕಲ್ ಸ್ಪರ್ಧೆ ಅನ್‌ಬೌಂಡ್ ಗ್ರ್ಯಾವೆಲ್‌ನ 100 ಮೈಲಿ ರೇಸಿಗೆ ಹೆಸರು ಕೊಟ್ಟಿದ್ದೇನೆ. ಹೋದ ವರ್ಷವೂ ಹೋಗಿದ್ದೆ. ಆಗ 40 ಮಿ.ಮೀ. ಟೈರ್, ಗಾಳಿ 45 ಪಿಎಸ್ಐ. ಹಿಂದಿನ ಟೈರು ಎರಡು ಸಲ ಸೀಳಿತು. 60 ಮೈಲಿ ದಾಟುವಷ್ಟರಲ್ಲಿ ಬೆರಳುಗಳು ಜೋಮು ಹಿಡಿದು, ಗೇರ್ ಬದಲಿಸಲು ಅಂಗೈಯಿಂದ ಒತ್ತಬೇಕಾಯಿತು.

ಈ ಸಲ ಅಗಲದ ಟೈರ್ ಬೇಕೇ ಬೇಕು ಅಂತ 2.1 ಇಂಚಿನ ಎಂಟಿಬಿ (ಮೌಂಟನ್ ಬೈಕ್) ಟೈರ್ ಒಂದು ಜೊತೆ ತರಿಸಿದೆ. ಫ್ರೇಮ್ ಮಾಡಿದವರು ಹೇಳುವುದು 45 ಮಿ.ಮೀ. ವರೆಗೆ ಮಾತ್ರ. ಆದರೆ ಚಕ್ರ ಹಾಕಿ ತಿರುಗಿಸಿದಾಗ ಎಲ್ಲೂ ತಾಗಲಿಲ್ಲ, ಹಾಗಾಗಿ ಧೈರ್ಯ ಮಾಡಿದೆ. ಭಾನುವಾರ ಒಂದು ಏರಿನಲ್ಲಿ ಎದ್ದು ನಿಂತು ತುಳಿದರೆ ಹಿಂದಿನಿಂದ ಜುಯ್ ಜುಯ್ ಅಂತ ಶಬ್ದ. ಕೂತರೆ ಶಬ್ದ ಇಲ್ಲ. ಮನೆಗೆ ಬಂದು ಟಾರ್ಚ್ ಹಾಕಿ ನೋಡಿದೆ. ಬಲಗಡೆ ಚೈನ್‌ಸ್ಟೇ (ಪೆಡಲ್ ಬುಡದಿಂದ ಹಿಂದಿನ ಚಕ್ರಕ್ಕೆ ಹೋಗುವ ಫ್ರೇಮಿನ ಕೊಳವೆ) ಒಳಮೈಯಲ್ಲಿ ಉಗುರಿನಷ್ಟು ಜಾಗದ ಬಣ್ಣ ಹೋಗಿ, ಕೆಳಗಿನ ಕಪ್ಪು ಕಾರ್ಬನ್ ಕಾಣುತ್ತಿದೆ.

ಈ ಟೈರನ್ನೇ ಇಟ್ಟುಕೊಳ್ಳಲು ದಾರಿ ಇದೆಯಾ? ಇಲ್ಲ ಅಂದರೆ ಅಗಲ ಬಿಡದೆ ವೇಗವಾಗಿ ಹೋಗಲು ಏನು ಹಾಕಲಿ? ನನ್ನ ತೂಕ 72 ಕೆ.ಜಿ., ರಿಮ್ ಒಳ ಅಗಲ 25 ಮಿ.ಮೀ.

ಕ್ಯಾಲಿಪರ್:

ಮೊದಲು ಆ ಬೈಕನ್ನು ಹಾಗೇ ಓಡಿಸುವುದು ನಿಲ್ಲಿಸಿ. ಟೈರಿಗೆ ಅಂಟಿದ ಮರಳು ಕಾರ್ಬನ್ನಿಗೆ ಉಪ್ಪುಕಾಗದ ಉಜ್ಜಿದ ಹಾಗೆ ಕೆಲಸ ಮಾಡುತ್ತದೆ. ಬಣ್ಣ ಮಾತ್ರ ಹೋಗಿದೆಯಾ ಅಂತ ಬೆರಳಾಡಿಸಿ ನೋಡಿ. ನಾರು ಕೈಗೆ ಸಿಕ್ಕಿದರೆ ಕಾರ್ಬನ್ ರಿಪೇರಿ ಮಾಡುವವರಿಗೆ ತೋರಿಸಲೇಬೇಕು.

ಆಮೇಲೆ ಅಳತೆ. ಮೂರು ಅಳತೆ ಹೇಳಿ: ಗಾಳಿ ತುಂಬಿದ ಟೈರಿನ ನಿಜವಾದ ಅಗಲ, ಆ ಜಾಗದಲ್ಲಿ ಎರಡು ಚೈನ್‌ಸ್ಟೇ ನಡುವಿನ ಅಂತರ, ಎಡಕ್ಕೆ ಎಷ್ಟು ಬಲಕ್ಕೆ ಎಷ್ಟು ಸಂದು ಉಳಿದಿದೆ ಅನ್ನುವುದು. ಒಂದೇ ಕಡೆ ತಾಗುತ್ತಿದ್ದರೆ ಚಕ್ರ ನಡುವಿಗೆ ಇಲ್ಲದಿರಬಹುದು, ಅಥವಾ ಆಕ್ಸಲ್ ಸರಿಯಾಗಿ ಕೂತಿರಲಿಕ್ಕಿಲ್ಲ. ಅದಾದರೆ ಸುಲಭದ ರಿಪೇರಿ.

ಪ್ರೈರಿ ಸವಾರ:

ನಾರು ಎದ್ದಿಲ್ಲ, ನುಣುಪಾಗಿಯೇ ಇದೆ. ಟೈರ್ ಹಾಕಿದ ದಿನ 52.5 ಮಿ.ಮೀ. ಇತ್ತು, ಈಗ 53.5. ಚೈನ್‌ಸ್ಟೇ ನಡುವೆ 58. ಎಡಕ್ಕೆ 2.5, ಬಲಕ್ಕೆ 2. ಆಕ್ಸಲ್ ಬಿಚ್ಚಿ ಮತ್ತೆ ಹಾಕಿದೆ, ವ್ಯತ್ಯಾಸ ಇಲ್ಲ.

ಕ್ಯಾಲಿಪರ್:

ಹಾಗಾದರೆ ಚಕ್ರದ ತಪ್ಪಲ್ಲ, ಜಾಗವೇ ಸಾಲದು. ಹೊಸ ಟೈರು ಗಾಳಿ ಹಿಡಿದು ಎರಡು ಮೂರು ದಿನ ಕೂತ ಮೇಲೆ ಹಿಗ್ಗುತ್ತದೆ. ನಿಮ್ಮದೂ ಹಾಗೇ ಹಿಗ್ಗಿದೆ. ಅಗಲದ ರಿಮ್ ಮೇಲೆ ಇನ್ನೂ ಸ್ವಲ್ಪ ಜಾಸ್ತಿ. ಅದಕ್ಕೇ ಟೈರಿನ ಮೇಲೆ ಬರೆದ ಅಂಕಿ ನಂಬಿ ಜಾಗ ಲೆಕ್ಕ ಹಾಕಬಾರದು. ಇನ್ನು ಎದ್ದು ನಿಂತು ತುಳಿದಾಗ ಚಕ್ರವೂ ಫ್ರೇಮೂ ಟೈರೂ ಒಂದೊಂದು ಚೂರು ಬಾಗುತ್ತವೆ. ಮೂರೂ ಸೇರಿದರೆ 2 ಮಿ.ಮೀ. ಮುಗಿದೇ ಹೋಯಿತು. ಸ್ಟ್ಯಾಂಡ್ ಮೇಲೆ ಸುಮ್ನೆ ತಿರುಗಿಸಿ ನೋಡಿದರೆ ಇದು ಯಾವತ್ತೂ ಗೊತ್ತಾಗುವುದಿಲ್ಲ.

ಪ್ರತಿ ಕಡೆ ಕನಿಷ್ಠ 4 ಮಿ.ಮೀ. ಇರಲಿ, 6 ಇದ್ದರೆ ನೆಮ್ಮದಿ. ನಿಮ್ಮ ಹಿಂದಿನ ಚಕ್ರಕ್ಕೆ 45ರ ಟೈರ್ ಹಾಕಿದರೆ, ಅದು 46.5ಕ್ಕೆ ಹಿಗ್ಗಿದರೂ ಹತ್ತಿರ ಹತ್ತಿರ 6 ಸಿಗುತ್ತದೆ. ಫ್ರೇಮ್ ಮಾಡಿದವರು 45 ಅಂದಿದ್ದು ಸುಮ್ಮನೆ ಅಲ್ಲ.

ಮುಂದಿನ ಚಕ್ರ ಹಿಡಿದಿರುವ ಫೋರ್ಕ್ ಅಳತೆ ಮಾಡಿದ್ದೀರಾ? ಎಷ್ಟೋ ಬೈಕುಗಳಲ್ಲಿ ಚೈನ್ ಇಲ್ಲದ ಕಾರಣ ಮುಂದೆ ಜಾಗ ಜಾಸ್ತಿ ಇರುತ್ತದೆ.

ಪ್ರೈರಿ ಸವಾರ:

ಈಗ ನೋಡಿದೆ. ಫೋರ್ಕ್ ನಡುವೆ 68!

ಎರೆಹೊಲ:

ಅಣ್ಣಾ, ನಾನು ಗದಗಿನವನು, ಈಗ ಟೆಕ್ಸಸ್‌ನಲ್ಲಿದ್ದೇನೆ. 2023ರಲ್ಲಿ ಅನ್‌ಬೌಂಡ್‌ಗೆ ಬಂದಿದ್ದೆ, ಆ ಕೆಸರಿನ ವರ್ಷ. ಅದಕ್ಕೇ ಹೇಳುತ್ತಿದ್ದೇನೆ, ಆ 6 ಮಿ.ಮೀ. ಸಂದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ನಮ್ಮ ಕಡೆ ಮಳೆ ಬಿದ್ದ ಎರೆ ಹೊಲದಲ್ಲಿ ಚಪ್ಪಲಿ ಹಾಕಿಕೊಂಡು ನಡೆದರೆ ಹೇಗಾಗುತ್ತದೆ, ಗೊತ್ತಲ್ವಾ? ಹತ್ತು ಹೆಜ್ಜೆಗೆ ಒಂದೊಂದು ಕಾಲೂ ಎರಡೆರಡು ಕೆ.ಜಿ. ಆಗುತ್ತದೆ. ಅವತ್ತು ಚಕ್ರಗಳಿಗೆ ಆಗಿದ್ದು ಅದೇ. ಶುರುವಾಗಿ ಇನ್ನೂ 15 ಮೈಲಿ ಆಗಿರಲಿಲ್ಲ. ಮಣ್ಣು ಟೈರ್ ಸುತ್ತ ಮೆತ್ತಿಕೊಂಡು ಫ್ರೇಮಿಗೆ ಗಾರೆ ಹಾಕಿದ ಹಾಗೆ ನಿಂತುಬಿಟ್ಟಿತು. ತಿರುಗದ ಚಕ್ರವನ್ನು ಕೆಲವರು ಬಲವಂತವಾಗಿ ತುಳಿದರು, ಗೇರ್ ಬದಲಿಸುವ ಡಿರೈಲರ್ ಮುರಿದು ಅವರ ರೇಸು ಅಲ್ಲಿಗೇ ಮುಗಿಯಿತು. ಬೈಕ್ ಹೆಗಲಿಗೆ ಹಾಕಿ ದಾರಿ ಪಕ್ಕದ ಹುಲ್ಲಿನ ಮೇಲೆ ನಡೆದವರು ಉಳಿದರು.

ಬಣ್ಣದ ಅಂಗಡಿಯಲ್ಲಿ ಪೇಂಟ್ ಕಲಕಲು ಕೊಡುವ ಮರದ ಕಡ್ಡಿ ಒಂದನ್ನು ಜೆರ್ಸಿ ಜೇಬಿನಲ್ಲಿ ಇಟ್ಟುಕೊಳ್ಳಿ. ಮಣ್ಣು ಕೆರೆಯಲು ಅದಕ್ಕಿಂತ ಒಳ್ಳೆಯ ಸಾಮಾನು ಇಲ್ಲ. ಆದರೆ ಕಡ್ಡಿ ತೂರಲು ಸಂದಿಯೇ ಇಲ್ಲದಿದ್ದರೆ ಅದೂ ದಂಡ.

ಬೆಣಚು:

ಬೆಂಗಳೂರಿನಿಂದ. ರೋಡ್ ಬೈಕ್ ಬಿಟ್ಟು ಗ್ರ್ಯಾವೆಲ್‌ಗೆ ಬಂದು ನಾಲ್ಕು ವರ್ಷ ಆಯಿತು, ಟೈರಿನ ಹುಚ್ಚು ನನಗೂ ಇದೆ. ಟೈರಿಗಿಂತ ನಿಮ್ಮ 45 ಪಿಎಸ್ಐ ನನಗೆ ಜಾಸ್ತಿ ಕಣ್ಣಿಗೆ ಬಿತ್ತು. ಜೋಮು ಹಿಡಿಸಿದ್ದು ಅದೇ, ನಿಧಾನ ಮಾಡಿದ್ದೂ ಅದೇ.

ಗಾಳಿ ಗಟ್ಟಿ ಇದ್ದಷ್ಟೂ ವೇಗ ಅನ್ನುವುದು ನಯವಾದ ಡಾಂಬರಿನ ಮಾತು. ಅಲ್ಲೂ ಅದಕ್ಕೊಂದು ಮಿತಿ ಇದೆ. ಕಲ್ಲಿನ ದಾರಿಯಲ್ಲಿ ಟೈರು ಕಲ್ಲನ್ನು ನುಂಗಬೇಕು. ನುಂಗದಿದ್ದರೆ ಬೈಕೂ ನೀವೂ ಪ್ರತಿ ಕಲ್ಲಿಗೂ ಒಂದಿಷ್ಟು ಮೇಲೆ ಹಾರಿ ಬೀಳುತ್ತೀರಿ. ಆ ಕುಲುಕಾಟಕ್ಕೆ ಖರ್ಚಾಗುವುದು ನೀವು ತುಳಿದ ಶಕ್ತಿಯೇ. ನಿಮ್ಮ ತೊಡೆ, ಸೊಂಟ, ತೋಳು ಅದನ್ನು ಬಿಸಿಯಾಗಿ ಕಳೆದುಬಿಡುತ್ತವೆ. ಅಗಲದ ಟೈರ್ ವೇಗ ಕೊಡುವುದು ಇದಕ್ಕೇ: ಕಡಿಮೆ ಗಾಳಿಯಲ್ಲೂ ರಿಮ್ ಕಲ್ಲಿಗೆ ಬಡಿಯದ ಹಾಗೆ ಕಾಯುತ್ತದೆ. ಅಗಲದ ಟೈರ್ ಹಾಕಿ ಹಳೇ ಗಾಳಿಯನ್ನೇ ತುಂಬಿದರೆ ಲಾಭ ಅರ್ಧಕ್ಕರ್ಧ ಹೋಗುತ್ತದೆ.

ನಿಮ್ಮ ತೂಕಕ್ಕೆ ಹಿಂದೆ 45 ಮಿ.ಮೀ.ಗೆ 30 ಪಿಎಸ್ಐ, ಮುಂದೆ 2.2 ಇಂಚಿಗೆ 21ರಿಂದ ಶುರು ಮಾಡಿ. ರಿಮ್ ಠಣ್ ಅಂದರೆ 2 ಏರಿಸಿ, ಇಲ್ಲದಿದ್ದರೆ ಒಂದೊಂದೇ ಇಳಿಸಿ ನೋಡಿ. ನೆಲದ ಪಂಪಿನ ಮುಳ್ಳು ಈ ಮಟ್ಟದಲ್ಲಿ ನಂಬಿಕೆಗೆ ಬಾರದು. ಚಿಕ್ಕ ಡಿಜಿಟಲ್ ಗೇಜ್ ತಗೊಳ್ಳಿ.

ಮಾದರಿ ಕೇಳಿದಿರಿ ಅಂತ ಹೇಳುತ್ತೇನೆ. ಮುಂದೆ ಕಾಂಟಿನೆಂಟಲ್ ರೇಸ್ ಕಿಂಗ್ 2.2, ಪ್ರೊಟೆಕ್ಷನ್ ಅಂತ ಬರೆದದ್ದು. ಇಲ್ಲವಾದರೆ ನಿಮ್ಮ ಹತ್ತಿರ ಇರುವ 2.1ನ್ನೇ ಮುಂದಕ್ಕೆ ಹಾಕಿ, ಹೊಸದು ಯಾಕೆ? ಹಿಂದಕ್ಕೆ ನಡುವೆ ನುಣುಪು, ಅಂಚಿನಲ್ಲಿ ಮಾತ್ರ ಗುಬುಟು ಇರುವ 45. ಷ್ವಾಲ್ಬೆ ಜಿ-ಒನ್ ಆರ್‌ಎಸ್ ಆ ಜಾತಿಯದು. ಗ್ರ್ಯಾವೆಲ್ ರೇಸರ್ ಡೈಲನ್ ಜಾನ್ಸನ್ ಎಂಟಿಬಿ ಟೈರ್ ಬಗ್ಗೆ ವಿಡಿಯೊಗಳಲ್ಲಿ ಹೇಳುತ್ತಲೇ ಬಂದಿದ್ದಾರೆ. ಈಗ ಮುಂಚೂಣಿಯವರೂ 2.1, 2.2 ಹಾಕುತ್ತಿದ್ದಾರೆ. ಆದರೆ ಅವರ ಫ್ರೇಮಿನಲ್ಲಿ ಅದಕ್ಕೆ ಜಾಗ ಇದೆ.

ಎರೆಹೊಲ:

ಹಿಂದಕ್ಕೆ ತೀರಾ ತೆಳುವಾದದ್ದು ಬೇಡ ಅನ್ನುವುದು ನನ್ನ ಮಾತು. ರೇಸು ನಡೆಯುವ ಫ್ಲಿಂಟ್ ಹಿಲ್ಸ್ ಅಂದರೆ ಹೆಸರಲ್ಲೇ ಇದೆ, ಚಕಮಕಿ ಕಲ್ಲಿನ ಗುಡ್ಡ. ಕಲ್ಲು ಮೇಲೇ ಇರುವ ಕಾರಣ ಅಲ್ಲಿ ನೇಗಿಲು ಹೂಡಲು ಆಗಲಿಲ್ಲ, ಎತ್ತರದ ಹುಲ್ಲುಗಾವಲು ಹಾಗೇ ಉಳಿಯಿತು. ನೋಡಲು ಬಹಳ ಚೆಂದ. ಟೈರಿಗೆ ಮಾತ್ರ ಬಹಳ ಕಷ್ಟ. ಒಡೆದ ಕಲ್ಲಿನ ಅಂಚು ಬ್ಲೇಡಿನ ಹಾಗೆ ಇರುತ್ತದೆ, ಪಕ್ಕದ ಗೋಡೆಯನ್ನೇ ಹುಡುಕಿ ಕೊಯ್ಯುತ್ತದೆ. ನೂರು ಗ್ರಾಂ ತೂಕ ಜಾಸ್ತಿ ಆದರೂ ಪರವಾಗಿಲ್ಲ, ಗೋಡೆ ಗಟ್ಟಿ ಇರುವುದನ್ನು ಹಾಕಿ. ದಾರಿಯಲ್ಲಿ ತೂತಿಗೆ ಪ್ಲಗ್ ಹಾಕಿ ಪಂಪ್ ಹೊಡೆಯುವ ಹತ್ತು ನಿಮಿಷದ ಮುಂದೆ ನೂರು ಗ್ರಾಂ ಏನೂ ಅಲ್ಲ. ತೂತು ಮುಚ್ಚುವ ಸೀಲೆಂಟ್ ದ್ರವ ಮುಂದಕ್ಕೆ 80 ಮಿ.ಲೀ. ಹಾಕಿ, ಹಿಂದಕ್ಕೆ 60. ಬಿಡಿ ಟ್ಯೂಬ್ ಎರಡು ಅಗಲಕ್ಕೂ ಹೊಂದುವ ಹಾಗೆ ನೋಡಿಕೊಳ್ಳಿ.

ಕ್ಯಾಲಿಪರ್:

ಇನ್ನೆರಡು ವಿಷಯ. ಮುಂದೆ ಮಾತ್ರ ದಪ್ಪ ಟೈರ್ ಹಾಕಿದರೆ ಹ್ಯಾಂಡಲ್ ಅರ್ಧ ಸೆಂಟಿಮೀಟರ್‌ಗೂ ಮೇಲೆ ಏರುತ್ತದೆ. ಹ್ಯಾಂಡಲ್ ಹಿಡಿದಿರುವ ಸ್ಟೆಮ್ ಕೆಳಗಿನ 5 ಮಿ.ಮೀ. ಸ್ಪೇಸರ್ ಬಳೆ ಒಂದನ್ನು ಮೇಲಕ್ಕೆ ಹಾಕಿ. ಮತ್ತೆ ನಿಧಾನವಾಗಿ ತಿರುಗಿಸುವಾಗ ಶೂ ತುದಿ ಟೈರಿಗೆ ತಾಗುತ್ತಾ ಅಂತ ಅಂಗಳದಲ್ಲೇ ನೋಡಿಕೊಳ್ಳಿ. ಗುಂಪಿನಲ್ಲಿ ಗೊತ್ತಾಗುವುದು ಬೇಡ.

ಪ್ರೈರಿ ಸವಾರ:

ಎರಡು ವಾರ ಆಯಿತು, ಫಲಿತಾಂಶ ಹೇಳಬೇಕು ಅಂತ ಬಂದೆ. ಮುಂದೆ ಅದೇ 2.1, ಹಿಂದೆ ಗೋಡೆ ಗಟ್ಟಿ ಇರುವ 45. ಮೂರು ದಿನ ಬಿಟ್ಟು ಅಳೆದೆ, ಹಿಂದಿನದು 46. ಬಣ್ಣ ಹೋದ ಜಾಗಕ್ಕೆ ಎಪಾಕ್ಸಿ ಸವರಿ, ಮೇಲೆ ದಪ್ಪ ಟೇಪ್ ಅಂಟಿಸಿದ್ದೇನೆ.

ಮನೆ ಹತ್ತಿರದ 4 ಕಿ.ಮೀ. ಜಲ್ಲಿ ರಸ್ತೆಯಲ್ಲಿ ಒಂದೇ ಬೆಳಿಗ್ಗೆ, ಗಾಳಿ ಬೀಸದ ಹೊತ್ತಿನಲ್ಲಿ, ಪವರ್ ಮೀಟರ್ 200 ವ್ಯಾಟ್ ಹಿಡಿದು ನಾಲ್ಕು ಸಲ ಓಡಿಸಿದೆ. ಹಿಂದೆ 40 ಮುಂದೆ 32 ಪಿಎಸ್ಐ ಎರಡು ಸಲ, ಹಿಂದೆ 30 ಮುಂದೆ 21 ಎರಡು ಸಲ. ಕಡಿಮೆ ಗಾಳಿಯ ಎರಡೂ ಸಲ ಹತ್ತು ಸೆಕೆಂಡಿಗಿಂತ ಜಾಸ್ತಿ ಉಳಿಯಿತು. ಮೆತ್ತಗೆ ಇದ್ದದ್ದಕ್ಕೆ ನಿಧಾನ ಹೋಗುತ್ತಿದ್ದೇನೆ ಅಂತಲೇ ಅನ್ನಿಸುತ್ತಿತ್ತು, ಗಡಿಯಾರ ಬೇರೆ ಹೇಳಿತು.

ನಿನ್ನೆ 70 ಮೈಲಿ ಮುಗಿಸಿ ಮನೆಗೆ ಬಂದು ಹೆಲ್ಮೆಟ್ ಬಕಲ್ ಬಿಚ್ಚಿದೆ. ಬೆರಳುಗಳು ಸರಿಯಾಗಿ ಕೆಲಸ ಮಾಡುತ್ತಿದ್ದವು. ಕ್ಯಾಲಿಪರ್ ಅವರಿಗೆ, ಬೆಣಚು ಅವರಿಗೆ, ಎರೆಹೊಲ ಅವರಿಗೆ ತುಂಬಾ ಥ್ಯಾಂಕ್ಸ್. ಪೇಂಟ್ ಕಡ್ಡಿ ಎರಡು ತಂದಿದ್ದೇನೆ, ಎಂಪೋರಿಯಾಗೆ ಈ ವರ್ಷ ಯಾರಾದರೂ ಬರುತ್ತಿದ್ದರೆ ಹೇಳಿ, ಒಂದು ನಿಮಗೆ.