ಪದಚರ್ಚೆ: ಕುಂಡಕ್ಕೆ ತುಂಬುವ ಕಾಂಪೋಸ್ಟ್ ‘ಗೊಬ್ಬರ’ವೇ? ಪೀಟ್‌ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕುಂಡದಲ್ಲಿ ಬೆಳೆಸುವ ಅಲಂಕಾರದ ಗಿಡಗಳ ಮೇಲಿನ ಒಂದು ಇಂಗ್ಲಿಷ್ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನರ್ಸರಿಗಳು ಕುಂಡಕ್ಕೆ ತುಂಬುವ ಪೀಟ್ ಕಡಿಮೆ ಮಾಡಿ, ಆ ಜಾಗಕ್ಕೆ ಕಾಂಪೋಸ್ಟ್ ಹಾಕಬಹುದೇ ಅನ್ನುವುದು ಅದರ ವಿಷಯ. ವಿಷಯ ಸುಲಭವೇ, ಪದಗಳೇ ಕಾಲಿಗೆ ತೊಡರುತ್ತಿವೆ.

ಮೊದಲು ಪೀಟ್. ‘ಜೌಗುಮಣ್ಣು’ ಅನ್ನೋಣವೆಂದರೆ ಅದು ಮಣ್ಣೇ ಅಲ್ಲ. ಸ್ಫ್ಯಾಗ್ನಮ್ ಅನ್ನುವ ಹಾವಸೆ ನೀರು ನಿಂತ ಜಾಗದಲ್ಲಿ ಸತ್ತು, ಗಾಳಿ ಸಿಗದೆ, ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತದ್ದು. ಅದು ಬೆಳೆಯುವುದು ವರ್ಷಕ್ಕೆ ಸುಮಾರು 1 ಮಿಲಿಮೀಟರ್, ಅಂದರೆ ಒಂದು ಮೀಟರ್ ದಪ್ಪಕ್ಕೆ ಸಾವಿರ ವರ್ಷ. ಇಂಥ ಜೌಗು ಭೂಮಿಯ ನೆಲದಲ್ಲಿ ಸುಮಾರು ಶೇ. 3 ಮಾತ್ರ ಇದ್ದರೂ ಎಲ್ಲ ಕಾಡಿನ ಮರಗಳಿಗಿಂತ ಜಾಸ್ತಿ ಇಂಗಾಲ ಹಿಡಿದಿಟ್ಟಿದೆ. ಅಗೆದು ತೆಗೆದರೆ ಅದು ಗಾಳಿಗೆ ಸೇರುತ್ತದೆ, ಬದಲಿ ಹುಡುಕಾಟ ಶುರುವಾಗಿದ್ದೇ ಹಾಗೆ. ‘ಪಾಚಿ’ ಅಂತ ಬರೆದರೆ ಕೆರೆಯ ಹಸಿರು ನೆನಪಾಗುತ್ತದೆ, ಅದಕ್ಕೇ ಹಾವಸೆ ಅಂದೆ.

‘ಪೀಟ್’ ಅಂತಲೇ ಇಡೋಣ ಅಂದರೆ ಇನ್ನೊಂದು ತೊಡಕು. ನಮ್ಮಲ್ಲಿ ಗಿಡ ಬೆಳೆಸುವವರಿಗೆ ಪೀಟ್ ಅಂದ ಕೂಡಲೇ ನೆನಪಾಗುವುದು ಕೊಕೊಪೀಟ್. ಅದು ತೆಂಗಿನ ಸಿಪ್ಪೆಯಿಂದ ನಾರು ಬಿಡಿಸುವಾಗ ಉಳಿಯುವ ಪುಡಿ, ಜೌಗಿಗೂ ಅದಕ್ಕೂ ಸಂಬಂಧವಿಲ್ಲ. ಈ ಬರಹದಲ್ಲಿ ಕೊಕೊಪೀಟ್ ಕೂಡ ಪೀಟ್‌ಗೆ ಬದಲಿ ಅಂತ ಬರುತ್ತದೆ. ‘ಪೀಟ್ ಬಿಡಿ, ಕೊಕೊಪೀಟ್ ಬಳಸಿ’ ಅಂತ ಬರೆದರೆ ಓದಿದವರು ತಲೆ ಕೆರೆದುಕೊಳ್ಳುತ್ತಾರೆ ಅಲ್ವಾ? ಸದ್ಯಕ್ಕೆ ಒಂದನ್ನು ‘ಜೌಗಿನ ಪೀಟ್’, ಇನ್ನೊಂದನ್ನು ‘ತೆಂಗಿನ ನಾರಿನ ಪುಡಿ’ ಅಂತ ಬರೆದಿದ್ದೇನೆ. ಉದ್ದವಾಯಿತು, ಆದರೆ ಗೊಂದಲವಿಲ್ಲ.

ನಿಜವಾದ ಕಷ್ಟ ಕಾಂಪೋಸ್ಟ್‌ನದು. ಎಲ್ಲರೂ ಸುಮ್ನೆ ‘ಗೊಬ್ಬರ’ ಅಂದುಬಿಡುತ್ತಾರೆ. ಹೊಲದ ಮಾತಾದರೆ ಅದು ಸರಿಯೇ. ಆದರೆ ಗೊಬ್ಬರ ಅಂದರೆ ಗಿಡಕ್ಕೆ ಹಾಕುವ ಊಟ ಅನ್ನುವ ಅರ್ಥ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ, ಯೂರಿಯಾ ಕೂಡ ಗೊಬ್ಬರವೇ. ಪೀಟ್‌ನಲ್ಲಿ ಊಟ ಅನ್ನುವುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅದರ ಕೆಲಸ ಬೇರು ಹಿಡಿದುಕೊಳ್ಳುವುದು, ನೀರು ಇಟ್ಟುಕೊಳ್ಳುವುದು, ನಡುವೆ ಗಾಳಿಗೆ ಜಾಗ ಬಿಡುವುದು, ಅಷ್ಟೇ. ಹಾಗಿದ್ದ ಮೇಲೆ ‘ಪೀಟ್ ಬದಲು ಗೊಬ್ಬರ’ ಅಂದರೆ ಓದುವವರು ಏನು ಅಂದುಕೊಳ್ಳಬೇಕು? ಗೊಬ್ಬರ ಜಾಸ್ತಿಯಾದಷ್ಟೂ ಒಳ್ಳೆಯದು ಅಂದುಕೊಂಡು ಕುಂಡದ ತುಂಬ ಅದನ್ನೇ ಸುರಿದಾರು. ಆಗುವುದೋ ಉಲ್ಟಾ. ಕಾಂಪೋಸ್ಟ್‌ನಲ್ಲಿ ಕರಗುವ ಲವಣ ಜಾಸ್ತಿ, ಬರೀ ಅದನ್ನೇ ತುಂಬಿದರೆ ಎಳೆ ಬೇರು ಸುಟ್ಟು ಎಲೆಯ ಅಂಚು ಒಣಗುತ್ತದೆ. ತೂಕವೂ ಜಾಸ್ತಿ. ಸಾಮಾನ್ಯವಾಗಿ ಒಟ್ಟು ಮಿಶ್ರಣದ ಅಳತೆಯಲ್ಲಿ ಶೇ. 20ರಿಂದ 50ರಷ್ಟು ಕಾಂಪೋಸ್ಟ್ ಸೇರಿಸಿ, ಉಳಿದದ್ದಕ್ಕೆ ತೊಗಟೆ, ನಾರಿನ ಪುಡಿ, ಪರ್ಲೈಟ್‌ (ಕಾಯಿಸಿ ಉಬ್ಬಿಸಿದ ಹಗುರ ಕಲ್ಲಿನ ಹರಳು) ಇಂಥದ್ದನ್ನು ಹಾಕುತ್ತಾರೆ.

ಇನ್ನೊಂದು ತಮಾಷೆ ಇದೆ. ಬ್ರಿಟನ್ನಿನ ಇಂಗ್ಲಿಷಿನಲ್ಲಿ ಕುಂಡಕ್ಕೆ ತುಂಬುವ ಯಾವ ಮಿಶ್ರಣವೂ ಕಾಂಪೋಸ್ಟೇ. ಅಲ್ಲಿ 1930ರ ದಶಕದಿಂದ ಹೆಸರಾಗಿರುವ ಜಾನ್ ಇನ್ನೆಸ್ ಕಾಂಪೋಸ್ಟ್‌ನ ಮೂಲ ಅಳತೆಯಲ್ಲಿ 7 ಪಾಲು ಗೋಡುಮಣ್ಣು, 3 ಪಾಲು ಪೀಟ್, 2 ಪಾಲು ಮರಳು, ಮೇಲೆ ಒಂದಿಷ್ಟು ರಸಗೊಬ್ಬರ ಮತ್ತು ಸುಣ್ಣ. ಕಸ ಕೊಳೆಸಿ ಮಾಡಿದ್ದು ಅದರಲ್ಲಿ ಒಂದು ಚೂರೂ ಇಲ್ಲ! ಅಂದರೆ ಅಲ್ಲಿನ ಬರಹದಲ್ಲಿ ‘ಪೀಟ್ ಇರುವ ಕಾಂಪೋಸ್ಟ್’ ಅಂತ ಬಂದರೆ ಅದನ್ನು ‘ಪೀಟ್ ಬೆರೆಸಿದ ಗೊಬ್ಬರ’ ಅಂತ ಅನುವಾದಿಸಿದವರು ಪೂರ್ತಿ ದಾರಿ ತಪ್ಪಿದಂತೆಯೇ. ಇದಕ್ಕೆ ನನ್ನ ಆಯ್ಕೆ ‘ಕುಂಡದ ಮಿಶ್ರಣ’. ‘ಬೆಳೆಯುವ ಮಾಧ್ಯಮ’ ಅನ್ನುವುದನ್ನೂ ಬಳಸುತ್ತಾರೆ, ನನಗೆ ಹಿಡಿಸಲಿಲ್ಲ. ಮಾಧ್ಯಮ ಅಂದರೆ ಟಿವಿ, ಪೇಪರ್ ಕಣ್ಣ ಮುಂದೆ ಬರುತ್ತದೆ. ‘ತಲಾಧಾರ’ ಅಂತೂ ಬೇಡವೇ ಬೇಡ.

ಕಸ ಕೊಳೆಸಿ ಮಾಡಿದ್ದಕ್ಕೆ ಕಾಂಪೋಸ್ಟ್ ಅಂತಲೇ ಇಡುವುದು ನನ್ನ ಇಷ್ಟ. ಹಳೆಯ ಮಾತು ಬೇಕು ಅನ್ನುವವರಿಗೆ ‘ಕಳಿತ ಗೊಬ್ಬರ’ ಇದೆ. ಈ ‘ಕಳಿತ’ ಬಹಳ ಚೆನ್ನಾಗಿದೆ, ‘ಕೊಳೆತ’ ಬೇರೆ, ‘ಕಳಿತ’ ಬೇರೆ. ಅರ್ಧ ಕೊಳೆತದ್ದನ್ನು ಕುಂಡಕ್ಕೆ ಹಾಕಿದರೆ ಅದು ಅಲ್ಲೇ ಕೊಳೆಯುತ್ತಾ ಗಿಡದ ಪಾಲಿನ ಸಾರಜನಕವನ್ನು ಎಳೆದುಕೊಳ್ಳಬಹುದು, ಅಮೋನಿಯಾ ಬಿಡಬಹುದು, ಕುಂಡದೊಳಗೆ ಕುಗ್ಗಿ ಕೂರುತ್ತದೆ ಕೂಡ. ಕಳಿತದ್ದು ಅಂದರೆ ಆ ಗಲಾಟೆ ಎಲ್ಲ ಮುಗಿದು, ಬಿಸಿ ಆರಿ, ಮಣ್ಣಿನ ವಾಸನೆ ಬಂದದ್ದು. ಇಂಗ್ಲಿಷಿನಲ್ಲಿ ‘ಮೆಚೂರ್’ ಅಂತ ಬಂದ ಕಡೆಯೆಲ್ಲ ‘ಪಕ್ವ’ ಅಂತ ಬರೆಯದೆ ‘ಚೆನ್ನಾಗಿ ಕಳಿತ’ ಅಂತಲೇ ಬರೆಯುತ್ತಿದ್ದೇನೆ.

ರಸಸಾರದ (ಪಿಎಚ್, ಅಂದರೆ ಹುಳಿ ಎಷ್ಟಿದೆ ಅನ್ನುವ ಅಳತೆ; 7ಕ್ಕಿಂತ ಕೆಳಗಿದ್ದರೆ ಹುಳಿ) ಮಾತಿಗೆ ಅಷ್ಟು ಕಷ್ಟವಾಗಲಿಲ್ಲ. ಪೀಟ್ ಹುಳಿ, ರಸಸಾರ 4ರ ಆಸುಪಾಸು, ಅದಕ್ಕೇ ಸುಣ್ಣ ಬೆರೆಸಿ ಹದ ಮಾಡುತ್ತಾರೆ. ಕಾಂಪೋಸ್ಟ್ ಹೆಚ್ಚಾಗಿ 7 ದಾಟಿರುತ್ತದೆ. ಅಜೇಲಿಯಾ, ಕಮೆಲಿಯಾದಂಥ ಹುಳಿ ಬೇಡುವ ಗಿಡಕ್ಕೆ ಅದು ಜಾಸ್ತಿಯಾದರೆ ಕಬ್ಬಿಣ ಸಿಗದೆ ಎಳೆ ಎಲೆ ಹಳದಿಯಾಗುತ್ತದೆ. ‘ಹುಳಿಮಣ್ಣು’ ಅನ್ನುವ ಬಳಕೆ ಹೇಗೂ ಇದೆ, ‘ಹುಳಿ ಮಿಶ್ರಣ’ ಅಂದರೆ ಅರ್ಥವಾಗುತ್ತದೆ ಅಂದುಕೊಂಡಿದ್ದೇನೆ. ಲವಣಕ್ಕೆ ‘ಉಪ್ಪು’ ಅನ್ನಲು ಮಾತ್ರ ಹಿಂಜರಿಕೆ, ಅಡುಗೆ ಉಪ್ಪು ಅಂದುಕೊಳ್ಳುತ್ತಾರೆ. ‘ಚೌಳು’ ನೆಲಕ್ಕೆ ಹೇಳುವ ಮಾತು, ಕುಂಡಕ್ಕೂ ಒಗ್ಗುತ್ತದೆಯೇ? ಬೇಸಾಯ ಗೊತ್ತಿರುವವರು ಹೇಳಬೇಕು.

ಕೊನೆಯದಾಗಿ, ಚೀಲದ ಮೇಲಿನ ಬರಹ. ಒಂದರ ಮೇಲೆ ಪೀಟ್ ಇಲ್ಲವೇ ಇಲ್ಲ ಅಂತಲೂ, ಇನ್ನೊಂದರ ಮೇಲೆ ಪೀಟ್ ಕಡಿಮೆ ಮಾಡಿದೆ ಅಂತಲೂ ಇರುತ್ತದೆ. ಎರಡನೆಯದರಲ್ಲಿ ಅರ್ಧಕ್ಕರ್ಧ ಪೀಟ್ ಇದ್ದರೂ ಇರಬಹುದು. ಮೊದಲನೆಯದಕ್ಕೆ ‘ಪೀಟ್ ಇಲ್ಲದ’ ಸಾಕು, ‘ಪೀಟ್‌ರಹಿತ’ ಬೇಕಿಲ್ಲ. ಎರಡನೆಯದಕ್ಕೆ ‘ಪೀಟ್ ತಗ್ಗಿಸಿದ’, ‘ಕಡಿಮೆ ಪೀಟ್‌ನ’ ಎರಡೂ ನಾಲಿಗೆಗೆ ಸಲೀಸಾಗಿಲ್ಲ. ಇದಕ್ಕೂ ಜೌಗಿನ ಪೀಟ್‌ಗೂ ಇದಕ್ಕಿಂತ ಚಿಕ್ಕ ಮಾತು ಯಾರಿಗಾದರೂ ಹೊಳೆದರೆ ತಿಳಿಸಿ.