ಹಳೆ ಗಾಡಿಯ ಟ್ಯಾಂಕ್, ಎಥೆನಾಲ್ ಪೆಟ್ರೋಲ್: ಮೆಕ್ಯಾನಿಕ್‌ಗೆ ಕೇಳಿ

ರವಿ: ನನ್ನದು ಹಳೆ ಟೂ ಸ್ಟ್ರೋಕ್ ಸ್ಕೂಟರ್. ಆಯಿಲನ್ನು ಪೆಟ್ರೋಲಿಗೇ ಬೆರೆಸಿ ಹಾಕುತ್ತೇನೆ. ಅರ್ಧ ಟ್ಯಾಂಕ್ ಎಥೆನಾಲ್ ಪೆಟ್ರೋಲ್ ಬಿಟ್ಟು ನಾಲ್ಕು ತಿಂಗಳು ನಿಲ್ಲಿಸಿದ್ದೆ. ಈಗ ಸ್ಟಾರ್ಟ್ ಆಗಿ ಎರಡು ನಿಮಿಷಕ್ಕೆ ನಿಲ್ಲುತ್ತದೆ. ಟ್ಯಾಂಕ್ ಅಲ್ಲಾಡಿಸಿ ಓಡಿಸಬಹುದಾ ಸರ್?

ಮೆಕ್ಯಾನಿಕ್: ಇನ್ನೊಂದು ಕಿಕ್ ಕೂಡ ಹೊಡೆಯಬೇಡಿ ರವಿ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಗಾಳಿಯ ತೇವ, ಮುಚ್ಚಳದ ಹಳೆ ವಾಷರ್ ದಾಟಿ ಇಳಿದ ನೀರು, ಎಲ್ಲಾ ಸೇರುತ್ತದೆ. ಶೇ. 10 ಎಥೆನಾಲ್ ಇದ್ದರೆ ಲೀಟರಿಗೆ ಸುಮಾರು 5 ಮಿ.ಲೀ. ನೀರಿನವರೆಗೆ ತಡೆದುಕೊಳ್ಳುತ್ತದೆ. ಅದಕ್ಕಿಂತ ಜಾಸ್ತಿ ಆದರೆ ನೀರೂ ಎಥೆನಾಲೂ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ನೀವು ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ರಿಸರ್ವ್‌ಗೆ ತಿರುಗಿಸಿದರೆ ಕಾಕ್, ಅಂದರೆ ಟ್ಯಾಂಕ್ ಕೆಳಗಿನ ಪೆಟ್ರೋಲ್ ನಲ್ಲಿ, ಎಳೆಯುವುದು ತಳದಿಂದ. ಅಂದರೆ ಇಂಜಿನ್‌ಗೆ ಆಯಿಲೇ ಹೋಗುವುದಿಲ್ಲ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಅಲ್ಲಾಡಿಸಿದರೆ ಅದು ಮತ್ತೆ ಕೂಡಿಕೊಳ್ಳುವುದಿಲ್ಲ.

ಬಯಲಿನಲ್ಲಿ, ಬೆಂಕಿಯಿಂದ ದೂರ, ಕಾಕ್‌ನಿಂದ ಒಂದು ಗಾಜಿನ ಬಾಟಲಿಗೆ ಹಿಡಿಯಿರಿ. ಅರ್ಧ ಗಂಟೆ ಬಿಟ್ಟು ನೋಡಿ. ಎರಡು ಪದರ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿನೊಳಗೆ ಸ್ವಲ್ಪ ಆಯಿಲ್ ಬಿಟ್ಟು, ಇಂಜಿನ್ ಕೈಯಲ್ಲಿ ತಿರುಗುತ್ತಾ ಅಂತ ಹೇಳಿ.

ಮಂಜು: ನನ್ನದು ಫೋರ್ ಸ್ಟ್ರೋಕ್. ಟೂ ಸ್ಟ್ರೋಕ್ ಆಯಿಲ್ ಹಾಕಿದರೆ ಟ್ಯಾಂಕಿಗೆ ತುಕ್ಕು ಹಿಡಿಯುವುದಿಲ್ಲವಂತೆ?

ಮೆಕ್ಯಾನಿಕ್: ನೀರನ್ನು ಅದು ತಡೆಯುವುದಿಲ್ಲ. ಪ್ಲಗ್‌ಗೆ ಮಸಿ ಹಿಡಿಯುತ್ತದೆ ಅಷ್ಟೇ.

ಶೋಭಾ: ಫೈಬರ್ ಟ್ಯಾಂಕ್ ಇದ್ದರೆ ಏನು ಮಾಡಬೇಕು ಸರ್?

ಸುರೇಶ್: ಈ ಫಾರ್ವರ್ಡ್ ನೋಡಿ. ಪೆಟ್ರೋಲಿಗೆ ನೀರು ಹಾಕಿ ಕುಲುಕಿ, ತಳದ ಎಥೆನಾಲ್ ತೆಗೆದರೆ ಶುದ್ಧ ಪೆಟ್ರೋಲ್ ಸಿಗುತ್ತದೆ.

ಮೆಕ್ಯಾನಿಕ್: ಯಾರೂ ಮಾಡಬೇಡಿ! ಎಥೆನಾಲ್ ಹೋದರೆ ಆಕ್ಟೇನ್, ಅಂದರೆ ಬಡಿತ ತಡೆಯುವ ಗುಣ, ಇಳಿಯುತ್ತದೆ, ಇಂಜಿನ್ ಬಡಿಯುತ್ತದೆ. ಮನೆಯೊಳಗೆ ಪೆಟ್ರೋಲ್ ಆವಿ ತುಂಬಿದರೆ ಒಂದು ಕಿಡಿ ಸಾಕು. ಇಂಥದ್ದನ್ನು ಹಂಚುವ ಮೊದಲು ಒಂದು ಮಾತು ಕೇಳಿ.

ಸುರೇಶ್: ತಿಳಿಯಲಿ ಅಂತ ಹಾಕಿದೆ. ಅಷ್ಟಕ್ಕೇ ಬೈಯಬೇಕಾ?

ಗಿರೀಶ್: ಇದಕ್ಕೆಲ್ಲ ಒಂದೇ ದಾರಿ. ನಿಲ್ಲಿಸುವಾಗ ಟ್ಯಾಂಕ್ ಫುಲ್ ಇಡಿ. ಗಾಳಿಗೆ ಜಾಗವೇ ಇರಬಾರದು.

ಮಂಜು: ಫುಲ್ ಇಟ್ಟ ಪೆಟ್ರೋಲ್ ಆರು ತಿಂಗಳಿಗೆ ಹಳಸುವುದಿಲ್ವಾ? ಖಾಲಿ ಮಾಡುವುದೇ ಸರಿ.

ಗಿರೀಶ್: ಖಾಲಿ ತಗಡು ತುಕ್ಕು ಹಿಡಿಯುತ್ತದೆ. ನಿಮ್ಮ ಟ್ಯಾಂಕ್ ಯಾವತ್ತಾದರೂ ಬಿಚ್ಚಿ ನೋಡಿದ್ದೀರಾ?

ಮಂಜು: ನೀವು ನೋಡಿದ್ದೀರಾ?

ಮೆಕ್ಯಾನಿಕ್: ಸಾಕು ಇಬ್ಬರೂ. ಕೆಲವು ವಾರಕ್ಕಾದರೆ ಫುಲ್. ತಿಂಗಳುಗಟ್ಟಲೆ ಆದರೆ ಖಾಲಿ ಮಾಡಿ, ಒಣಗಿಸಿ, ಒಳಗೆ ತೆಳುವಾಗಿ ಆಯಿಲ್ ಸವರಿ.

ಅನಿತಾ: ರಬ್ಬರ್ ಪೈಪ್ ಉಬ್ಬಿದೆ.

ಮೆಕ್ಯಾನಿಕ್: ಬದಲಾಯಿಸಿ. ಎಥೆನಾಲ್ ತಡೆಯುವ ಫ್ಲೋರೋ ರಬ್ಬರ್ ಪೈಪ್ ಅಂತಲೇ ಕೇಳಿ.

ಪ್ರಕಾಶ್: ಟೂ ಸ್ಟ್ರೋಕ್ ಆಯಿಲ್ ಹಾಕಿದರೆ ತುಕ್ಕು...

ಮೆಕ್ಯಾನಿಕ್: ಮೇಲೆ ಓದಿ.

ಶೋಭಾ: ಸರ್, ಫೈಬರ್ ಟ್ಯಾಂಕ್?

ರವಿ: ಬಾಟಲಿಯಲ್ಲಿ ಎರಡು ಬೆರಳಷ್ಟು ಬೇರೆ ಪದರ ನಿಂತಿದೆ. ಇಂಜಿನ್ ಕೈಯಲ್ಲಿ ಸಲೀಸಾಗಿ ತಿರುಗುತ್ತಿದೆ.

ಮೆಕ್ಯಾನಿಕ್: ಸದ್ಯ, ಬಚಾವಾಯಿತು. ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಬೌಲ್ ಕೂಡ ಖಾಲಿ ಮಾಡಿ, ಅಲ್ಲೂ ಅದೇ ನೀರು ಇರುತ್ತದೆ.